ಗಾಜಿನ ತೊಟ್ಟಿಯ ಮೀನುಗಳಿಗೆ ಸಜೀವ ಆಹಾರ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ದೊಡ್ಡ ನಗರಗಳ ಕೆಲವು ಮನೆಗಳಿಗೆ ಮಾತ್ರ ಮೀಸಲಾಗಿದ್ದ ಕಾಲವು ಕಳೆದುಹೋಯಿತು. ಗಪ್ಪಿ, ಮಾಲಿ, ಗೋಲ್ಡ್‌ಫಿಶ್, ಫೈಟರ್ ಮೊದಲಾದ ಮೀನುಗಳು ಈಗ ಚಿಕ್ಕ ಊರುಗಳ ಪಡಸಾಲೆಗಳನ್ನೂ ಸೇರಿವೆ. ಇವುಗಳಿಗೆ ಅಂಗಡಿಯಲ್ಲಿ ಸಿಗುವ ಒಣ ಕಾಳುಗಳನ್ನು ಹಾಕಿ ತೃಪ್ತರಾಗುವವರೇ ಹೆಚ್ಚು. ಆದರೆ ಹವ್ಯಾಸದಲ್ಲಿ ಸ್ವಲ್ಪ ಮುಂದುವರಿದವರು ಮೀನುಗಳಿಗೆ ಜೀವಂತವಾದ ಹುಳುಗಳನ್ನು ಕೊಡಬೇಕೆಂಬ ಮಾತನ್ನು ಎಲ್ಲಿಯಾದರೂ ಕೇಳಿಯೇ ಇರುತ್ತಾರೆ. ಆ ಮಾತು ನಿಜ. ಅದನ್ನು ಯೋಚಿಸದೆ ಅನುಸರಿಸಿದರೆ ಕೇಡು ತಪ್ಪದೆಂಬುದೂ ಅಷ್ಟೇ ನಿಜ. ಈ ಎರಡನ್ನೂ ವಿಚಾರಮಾಡುವುದು ಇಂದಿನ ನಮ್ಮ ಉದ್ದೇಶ.

ಮೊದಲು ಸಜೀವ ಆಹಾರದ ಗುಣವೇನೆಂಬುದನ್ನು ನೋಡೋಣ. ನಾವು ಸಾಕುವ ಮೀನುಗಳಲ್ಲಿ ಬಹುಪಾಲು ಸ್ವಭಾವತಃ ಬೇಟೆಗಾರ ಜಾತಿಯವು. ಎದುರಿಗೆ ಚಲಿಸುವ ಚಿಕ್ಕ ಪ್ರಾಣಿಯನ್ನು ಕಂಡಾಗ ಅವುಗಳ ಹಸಿವು ಕೆರಳುತ್ತದೆ. ಒಣ ಆಹಾರವನ್ನು ಮೂಸಿಯೂ ನೋಡದ ಫೈಟರ್ ಮೀನು ಸೊಳ್ಳೆಮರಿಯನ್ನು ಕಂಡೊಡನೆ ಬಾಣದಂತೆ ನುಗ್ಗುವುದು. ಸಜೀವ ಆಹಾರದಲ್ಲಿ ಮಾಂಸಧಾತುವಿನ ಅಂಶ ಹೆಚ್ಚು. ಅದನ್ನು ಕೆಲವು ವಾರ ತಿಂದ ಮೀನುಗಳು ಮೊಟ್ಟೆಯಿಡಲು ಬೇಗ ಸಿದ್ಧವಾಗುತ್ತವೆ. ಹುಟ್ಟಿದ ಮರಿಗಳ ವಿಷಯದಲ್ಲಿಯಂತೂ ಇದು ಕೇವಲ ಉಪಚಾರವಲ್ಲ. ಬಾಯಿಯ ಗಾತ್ರವೇ ಸಾಸಿವೆಗಿಂತ ಕಿರಿದಾಗಿರುವ ಎಷ್ಟೋ ಜಾತಿಯ ಮರಿಗಳು, ಕಣ್ಣಿಗೆ ಕಾಣುವುದೇ ಕಷ್ಟವಾದ ಜೀವಿಗಳು ದೊರೆಯದಿದ್ದರೆ ಹಸಿವಿನಿಂದಲೇ ಸಾಯುವುವು.

ಇಷ್ಟು ಲಾಭವಿದ್ದರೂ ಸಜೀವ ಆಹಾರವನ್ನು ಹಾಕಿದ ವಾರದೊಳಗೆ ತೊಟ್ಟಿಯ ಮೀನುಗಳೆಲ್ಲ ಸತ್ತುವೆಂಬ ದೂರು ಅಪರೂಪವಲ್ಲ. ಇದಕ್ಕೆ ಜನರು ಹುಳುವನ್ನೇ ದೂಷಿಸುತ್ತಾರೆ. ಆದರೆ ದೋಷವು ಬಹುಮಟ್ಟಿಗೆ ಹುಳುವಿನದಲ್ಲ, ಅದು ಬೆಳೆದ ನೀರಿನದು. ಹುಳುವು ತಾನು ಬಾಳಿದ ನೀರಿನ ವಿಷವನ್ನೂ ರೋಗವನ್ನೂ ತನ್ನೊಡನೆ ಹೊತ್ತು ತರುತ್ತದೆ. ಆದುದರಿಂದ, ಯಾವ ಹುಳು ಒಳ್ಳೆಯದು ಎಂದು ಕೇಳುವುದಕ್ಕೆ ಮೊದಲು, ಅದು ಯಾವ ನೀರಿನಿಂದ ಬಂದಿತು ಎಂದು ಕೇಳತಕ್ಕದ್ದು.

ಉದಾಹರಣೆಗಾಗಿ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಹಾರೂಗೇರಿಯನ್ನು ತೆಗೆದುಕೊಳ್ಳೋಣ. ಕೃಷ್ಣಾನದಿಗೆ ದಕ್ಷಿಣದಲ್ಲಿ, ಕಬ್ಬು ಬೆಳೆಯುವ ನೀರಾವರಿ ಸೀಮೆಯ ನಡುವೆ ಇರುವ ಊರು ಇದು. ಇಂತಹ ಊರಿನಲ್ಲಿ ಮೀನು ಸಾಕುವವನೊಬ್ಬನು ಸಜೀವ ಆಹಾರವನ್ನು ಅರಸಿ ಹೊರಟರೆ ಅವನಿಗೆ ನಾಲ್ಕು ಕಡೆ ಅದು ದೊರೆಯುವುದು: ಊರಿನ ಚರಂಡಿ, ಹೊಲದ ಬದಿಯ ನೀರಿನ ಗುಂಡಿ, ಹಿತ್ತಲಿನ ನೀರಿನ ಡ್ರಮ್ಮು, ಮತ್ತು ದನದ ಕೊಟ್ಟಿಗೆಯ ತಿಪ್ಪೆ. ನಗರವಾಸಿಗಳಾದ ಶ್ರೋತೃಗಳಿಗೂ ಈ ನಾಲ್ಕರ ವಿವರಣೆ ಉಪಯುಕ್ತವೇ. ಏಕೆಂದರೆ ನಗರದ ಅಂಗಡಿಯಲ್ಲಿ ಪೊಟ್ಟಣದಲ್ಲಿ ಮಾರುವ ಹುಳುಗಳೂ ಇಂತಹ ಯಾವುದೋ ಒಂದು ಮೂಲದಿಂದಲೇ ಬಂದಿರುತ್ತವೆ.

ಚರಂಡಿಯ ಕೆಸರಿನಲ್ಲಿ ಕೆಂಪು ದಾರದ ಎಳೆಗಳಂತೆ ಗುಂಪುಗುಂಪಾಗಿ ಬಾಲವಾಡಿಸುತ್ತಿರುವ ಹುಳುವಿಗೆ ಟ್ಯೂಬಿಫೆಕ್ಸ್ ಎಂದು ಹೆಸರು. ತಲೆಯನ್ನು ಕೆಸರಿನೊಳಗೆ ಹುಗಿದು, ಬಾಲವನ್ನು ನೀರಿನಲ್ಲಿ ಬೀಸುತ್ತ ಅದು ಉಸಿರಾಡುತ್ತದೆ. ಅದರ ಕೆಂಪು ಬಣ್ಣಕ್ಕೆ ಕಾರಣವು ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನಿನಂತಹ ವಸ್ತುವೇ. ಅದರ ಬಲದಿಂದಲೇ ಪ್ರಾಣವಾಯು ಅತ್ಯಲ್ಪವಾಗಿರುವ ಕೊಳಚೆಯಲ್ಲಿಯೂ ಅದು ಬದುಕುತ್ತದೆ. ಮೀನುಗಳು ಇದನ್ನು ಆಸೆಯಿಂದ ತಿನ್ನುವುವು. ಆದರೆ ಇದರ ಹೊಟ್ಟೆಯಲ್ಲಿರುವುದು ಚರಂಡಿಯ ಕೆಸರು. ಕೆಸರಿನಲ್ಲಿರುವ ರೋಗಾಣುಗಳೂ ಸೀಸವೇ ಮೊದಲಾದ ಲೋಹಗಳೂ ಅದರ ದೇಹವನ್ನು ಸೇರಿರುತ್ತವೆ.

ಈ ಹುಳುವಿನ ವಿಷಯದಲ್ಲಿ ವಿಜ್ಞಾನವು ಕಲಿತ ಒಂದು ಪಾಠವನ್ನು ಇಲ್ಲಿ ಹೇಳಬೇಕು. ಯೂರೋಪು ಮತ್ತು ಅಮೆರಿಕಗಳ ಟ್ರೌಟ್ ಮೀನಿನ ಮರಿಗಳಿಗೆ ಗಿರಗಿರನೆ ಸುತ್ತುತ್ತ ಸಾಯುವ ಒಂದು ರೋಗವಿತ್ತು. ಅದರ ಪರೋಪಜೀವಿಯು ಒಂದು ಮೀನಿನಿಂದ ಇನ್ನೊಂದಕ್ಕೆ ಹೇಗೆ ಹೋಗುವುದೆಂಬುದು ಬಹುಕಾಲ ಬಗೆಹರಿಯದ ಒಗಟಾಗಿತ್ತು. ನಡುವೆ ಅದು ಟ್ಯೂಬಿಫೆಕ್ಸ್ ಹುಳುವಿನೊಳಗೆ ವಾಸಮಾಡಿ ರೂಪವನ್ನು ಬದಲಾಯಿಸಿಕೊಳ್ಳುವುದೆಂದು ೧೯೮೪ರಲ್ಲಿ ವುಲ್ಫ್ ಮತ್ತು ಮಾರ್ಕಿವ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಪ್ರಕಟಿಸಿದರು. ನಮ್ಮ ತೊಟ್ಟಿಗಳಲ್ಲಿ ಟ್ರೌಟ್ ಇಲ್ಲವೆಂಬುದು ಸರಿ. ಆದರೆ ಹುಳುವನ್ನು ಹೊರಗಿನಿಂದ ಎಷ್ಟು ತೊಳೆದರೂ ಅದರ ಒಳಗಿರುವ ಪರೋಪಜೀವಿ ಹೋಗುವುದಿಲ್ಲವೆಂಬ ತತ್ತ್ವವು ಎಲ್ಲ ಮೀನುಗಳಿಗೂ ಅನ್ವಯಿಸುವುದು. ಟ್ಯೂಬಿಫೆಕ್ಸನ್ನು ಕೊಡಲೇಬೇಕೆನ್ನುವವರು ಅದನ್ನು ತೆಳುವಾದ ಧಾರೆಯಾಗಿ ಹರಿಯುವ ನೀರಿನಲ್ಲಿ ಎರಡು ಮೂರು ದಿನವಾದರೂ ಇಟ್ಟು, ಹೊಟ್ಟೆಯ ಕೆಸರು ಹೊರಬಿದ್ದ ಮೇಲೆ, ಸತ್ತವನ್ನು ತೆಗೆದು ಕೊಡಬಹುದು. ಇದರಿಂದ ಅಪಾಯವು ಕಡಮೆಯಾಗುವುದೇ ಹೊರತು ಇಲ್ಲವಾಗದು. ಚರಂಡಿಯ ಹುಳುವನ್ನು ಬಿಟ್ಟೇಬಿಡುವುದು ಮೇಲು.

ಎರಡನೆಯದು ಹೊಲದ ಬದಿಯ ಗುಂಡಿ. ನಿಂತು ಹಸುರೇರಿದ ನೀರಿನಲ್ಲಿ, ಕುಪ್ಪಳಿಸುತ್ತ ಈಜುವ ಚುಕ್ಕೆಗಳಂತಹ ಪ್ರಾಣಿಗಳು ಕಾಣುತ್ತವೆ. ಇವುಗಳಿಗೆ ಡಾಫ್ನಿಯಾ ಎಂದು ಹೆಸರು. ಕುಪ್ಪಳಿಸುವ ರೀತಿಯಿಂದ ಇವನ್ನು ನೀರುಚಿಗಟವೆಂದು ಕರೆಯಬಹುದು. ಇವು ಚಿಗಟದಂತೆ ಕೀಟಗಳಲ್ಲ, ಸೀಗಡಿಯ ಬಂಧುಗಳು. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು ಬದುಕುತ್ತವೆ; ಯಾರನ್ನೂ ಕಚ್ಚವು, ಮೀನಿನ ಮರಿಗಳಿಗೂ ತೊಂದರೆ ಕೊಡವು. ಮೀನಿಗೆ ಇದಕ್ಕಿಂತ ಒಳ್ಳೆಯ ಆಹಾರವು ಸುಲಭವಾಗಿ ಸಿಗಲಾರದು.

ಆದರೆ ಕಬ್ಬಿನ ಗದ್ದೆಗೆ ಹೊಡೆದ ಕೀಟನಾಶಕವೂ ಕಳೆನಾಶಕವೂ ಮಳೆಯೊಡನೆ ಹರಿದು ಬಂದು ಸೇರುವುದು ಇದೇ ಗುಂಡಿಗಳನ್ನು. ಇಲ್ಲಿ ಡಾಫ್ನಿಯಾ ತಾನೇ ನಮಗೆ ಸಾಕ್ಷಿಯಾಗಬಲ್ಲುದು. ವಿಷಗಳ ವಿಷಯದಲ್ಲಿ ಇದು ಎಷ್ಟು ಸೂಕ್ಷ್ಮವಾದುದೆಂದರೆ, ಹೊಸ ರಾಸಾಯನಿಕಗಳ ತೀಕ್ಷ್ಣತೆಯನ್ನು ಅಳೆಯಲು ಪ್ರಯೋಗಶಾಲೆಗಳಲ್ಲಿ ಇದನ್ನೇ ಆ ದ್ರಾವಣದಲ್ಲಿ ೪೮ ಗಂಟೆಗಳ ಕಾಲ ಇಟ್ಟು, ಎಷ್ಟು ಪ್ರಾಣಿಗಳು ಚಲನೆಯನ್ನು ಕಳೆದುಕೊಂಡುವೆಂದು ಎಣಿಸುತ್ತಾರೆ. ಆದುದರಿಂದ ಗುಂಡಿಯಲ್ಲಿ ಇವು ತಳದಲ್ಲಿ ನಿಶ್ಚಲವಾಗಿ ಬಿದ್ದಿದ್ದರೆ ಆ ನೀರನ್ನು ಮುಟ್ಟಕೂಡದು. ಚುರುಕಾಗಿ ಕುಪ್ಪಳಿಸುತ್ತಿದ್ದರೆ ತೀಕ್ಷ್ಣವಾದ ಕೀಟನಾಶಕವು ಅಲ್ಲಿಲ್ಲವೆಂದು ಊಹಿಸಬಹುದು. ಆದರೆ ರೋಗವಿಲ್ಲವೆಂದು ಊಹಿಸುವ ಹಾಗಿಲ್ಲ. ಅದಕ್ಕೆ ಕಾರಣವು ಅದೇ ನೀರಿನಲ್ಲಿರುವ ಇನ್ನೊಂದು ಪ್ರಾಣಿ.

ಈ ಪ್ರಾಣಿಯೇ ಸೈಕ್ಲಾಪ್ಸ್. ಒಂದೇ ಕಣ್ಣು, ಪೇರಲಹಣ್ಣಿನ ಆಕಾರದ ಮೈ, ಹೆಣ್ಣಿಗೆ ಎರಡು ಪಕ್ಕಗಳಲ್ಲಿಯೂ ಮೊಟ್ಟೆಯ ಚೀಲಗಳು: ಇದು ಅದರ ಗುರುತು. ಕರ್ನಾಟಕಕ್ಕೆ ಈ ಪ್ರಾಣಿಯ ಪರಿಚಯವು ಕಹಿಯಾದುದು. ನಾರುಹುಣ್ಣೆಂಬ ರೋಗವನ್ನು ಹಿರಿಯರು ಬಲ್ಲರು. ಮಾರುದ್ದದ ಬಿಳಿಯ ಹುಳುವು ಕಾಲಿನ ಚರ್ಮವನ್ನು ಒಡೆದು ಹೊರಬರುತ್ತಿದ್ದಿತು. ಆ ಹುಳುವಿನ ಮರಿಗಳನ್ನು ತಿಂದ ಸೈಕ್ಲಾಪ್ಸ್ ಇದ್ದ ನೀರನ್ನು, ಮೆಟ್ಟಿಲುಬಾವಿಗಳಿಂದ ಹಾಗೆಯೇ ತಂದು ಕುಡಿದವರಿಗೆ ಈ ರೋಗವು ತಗಲುತ್ತಿದ್ದಿತು. ರೋಗವಿದ್ದ ರಾಜ್ಯಗಳಲ್ಲಿ ನಮ್ಮದೂ ಒಂದು. ಕುಡಿಯುವ ನೀರನ್ನು ನಯವಾದ ಬಟ್ಟೆಯಲ್ಲಿ ಸೋಸಬೇಕೆಂದು ಹಳ್ಳಿಹಳ್ಳಿಗೂ ತಿಳಿಹೇಳಿ, ಮೆಟ್ಟಿಲುಬಾವಿಗಳನ್ನು ಮಾರ್ಪಡಿಸಿ, ಸೈಕ್ಲಾಪ್ಸನ್ನು ಕೊಲ್ಲುವ ಔಷಧಿಯನ್ನು ಹಾಕಿದುದರ ಫಲವಾಗಿ ಭಾರತದಲ್ಲಿ ೧೯೯೬ರಲ್ಲಿ ಕೊನೆಯ ರೋಗಿಯು ಕಂಡುಬಂದನು. ೨೦೦೦ದಲ್ಲಿ ದೇಶವು ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು.

ಮನುಷ್ಯನಿಗೆ ಆ ಭಯವು ಹೋಯಿತು, ಮೀನಿಗೆ ಹೋಗಲಿಲ್ಲ. ನಾರುಹುಣ್ಣಿನ ಹುಳುವಿನ ದೂರದ ಬಂಧುವಾದ ಕಮಲ್ಲಾನಸ್ ಎಂಬ ಹುಳುವು ಸೈಕ್ಲಾಪ್ಸಿನ ಮೂಲಕವಾಗಿಯೇ ಗಪ್ಪಿಯಂತಹ ಮೀನುಗಳ ಕರುಳನ್ನು ಸೇರುವುದು. ಮೀನು ಅಲುಗಾಡದೆ ನಿಂತಿರುವಾಗ ಅದರ ಗುದದ್ವಾರದಲ್ಲಿ ಕೆಂಪು ಕೂದಲಿನಂತಹ ಎಳೆಗಳು ಕಾಣುವುದೇ ಇದರ ಲಕ್ಷಣ. ತೊಟ್ಟಿಯಲ್ಲಿ ಒಮ್ಮೆ ಇದು ನೆಲೆಯೂರಿದರೆ ತೊಲಗಿಸುವುದು ಕಷ್ಟ. ಗುಂಡಿಯ ನೀರಿನೊಡನೆ ಬರುವ ಇತರ ಅತಿಥಿಗಳೂ ಉಂಟು: ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟದ ನೀರಿನೊಳಗಿನ ಮರಿ, ನೀರುಜೀರುಂಡೆಯ ಮರಿ, ಗಾಜಿಗೆ ಅಂಟಿಕೊಂಡು ಎಳೆಗಳನ್ನು ಚಾಚುವ ಹೈಡ್ರಾ. ಇವೆಲ್ಲವೂ ಮೀನಿನ ಮರಿಗಳನ್ನು ಹಿಡಿದು ತಿನ್ನುವುವು. ಆದುದರಿಂದ ಗುಂಡಿಯ ನೀರನ್ನು ನೇರವಾಗಿ ತೊಟ್ಟಿಗೆ ಸುರಿಯುವುದು ಎಂದಿಗೂ ಸಲ್ಲದು.

ಮೂರನೆಯದಾದ ಹಿತ್ತಲಿನ ಡ್ರಮ್ಮಿನ ವಿಷಯವು ಎಲ್ಲಕ್ಕಿಂತ ಮುಖ್ಯವಾದುದು. ಸೊಳ್ಳೆಯ ಮರಿಹುಳುವು ಮೀನಿಗೆ ಉತ್ತಮವಾದ ಆಹಾರ. ಚೊಕ್ಕಟವಾದ ನೀರಿನಲ್ಲಿ ಬೆಳೆದ ಮರಿಯು ಮೀನಿಗೆ ರೋಗವನ್ನು ತರುವ ಸಂಭವವೂ ಕಡಮೆ. ಇಲ್ಲಿ ಅಪಾಯವಿರುವುದು ಮೀನಿಗಲ್ಲ, ಮನೆಯವರಿಗೆ. ನಲ್ಲಿಯಲ್ಲಿ ದಿನವೂ ನೀರು ಬಾರದ ಊರುಗಳಲ್ಲಿ ಜನರು ಡ್ರಮ್ಮು, ತೊಟ್ಟಿ, ಹಂಡೆಗಳಲ್ಲಿ ನೀರನ್ನು ತುಂಬಿಡುತ್ತಾರೆ. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಬೇಕಾಗಿರುವುದು ಇಂತಹ ತಿಳಿನೀರೇ. ನಮ್ಮ ಸೆಕೆಯಲ್ಲಿ ಮೊಟ್ಟೆಯು ಮರಿಯಾಗಿ, ಕೋಶವಾಗಿ, ರೆಕ್ಕೆ ಮೂಡಿ ಹಾರಲು ಎಂಟು ಹತ್ತು ದಿನಗಳು ಸಾಕು. ಮೀನಿಗೆಂದು ಬಕೆಟ್ಟಿನಲ್ಲಿ ಮರಿಗಳನ್ನು ಬೆಳೆಸುತ್ತಿರುವವನು ಎರಡು ದಿನ ಊರಿಗೆ ಹೋಗಿಬರುವಷ್ಟರಲ್ಲಿ ನೂರಾರು ಸೊಳ್ಳೆಗಳನ್ನು ನೆರೆಮನೆಯ ತೊಟ್ಟಿಲಿನ ಮೇಲೆ ಬಿಟ್ಟಂತಾಗುವುದು.

ಈ ಸಂಬಂಧವು ಮೊದಲು ಹೊಳೆದ ಸ್ಥಳಗಳಲ್ಲಿ ನಮ್ಮ ಬೆಂಗಳೂರೂ ಒಂದೆಂಬುದು ಸ್ಮರಣೀಯ. ೧೮೮೩ರಲ್ಲಿ ಅಲ್ಲಿಯ ದಂಡಿನಲ್ಲಿ ವೈದ್ಯಾಧಿಕಾರಿಯಾಗಿದ್ದ ರೊನಾಲ್ಡ್ ರಾಸ್ ಎಂಬಾತನು, ತನ್ನ ಕೊಠಡಿಯಲ್ಲಿ ಸೊಳ್ಳೆಗಳು ಹೆಚ್ಚಾಗಿದ್ದುದಕ್ಕೆ ಕಾರಣವನ್ನು ಹುಡುಕಲಾಗಿ, ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಹುಳುಗಳನ್ನು ಕಂಡನು. ಪೀಪಾಯಿಯನ್ನು ಬೋರಲುಹಾಕಿದ ಮೇಲೆ ಕಾಟವು ಅಡಗಿತು. ಮಲೇರಿಯಾದ ಪರೋಪಜೀವಿಯನ್ನು ಸೊಳ್ಳೆಯ ಜಠರದಲ್ಲಿ ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದವನು ಈತನೇ. ಪೀಪಾಯಿಯ ಪಾಠವನ್ನು ಸರ್ಕಾರವೂ ಮರೆತಿಲ್ಲ. ೨೦೨೪ರಲ್ಲಿ ಡೆಂಗೀ ಜ್ವರವು ಹೆಚ್ಚಿದಾಗ ಕರ್ನಾಟಕ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವ ಮನೆಗಳಿಗೆ ನಗರಗಳಲ್ಲಿ ೪೦೦ ರೂಪಾಯಿ, ಗ್ರಾಮಗಳಲ್ಲಿ ೨೦೦ ರೂಪಾಯಿ ದಂಡವನ್ನು ಗೊತ್ತುಮಾಡಿತು.

ಹಾಗಾದರೆ ಸೊಳ್ಳೆಮರಿಯನ್ನು ಕೊಡಲೇಬಾರದೆ? ಕೊಡಬಹುದು, ಆದರೆ ಬೆಳೆಸಕೂಡದು. ಮನೆಯ ಯಾವುದಾದರೊಂದು ಪಾತ್ರೆಯಲ್ಲಿ ಮರಿಗಳು ಕಂಡುಬಂದರೆ ಅವನ್ನು ನಯವಾದ ಜಾಲರಿಯಲ್ಲಿ ಎತ್ತಿ, ಶುದ್ಧವಾದ ನೀರಿನಲ್ಲಿ ಜಾಲಿಸಿ, ಮೀನುಗಳು ಅಂದೇ ತಿಂದು ಮುಗಿಸುವಷ್ಟನ್ನು ಮಾತ್ರ ಹಾಕಬೇಕು. ಉಳಿದುದನ್ನು ಒಣನೆಲದ ಮೇಲೆ ಚೆಲ್ಲಬೇಕು. ಅಲ್ಪವಿರಾಮ ಚಿಹ್ನೆಯಂತೆ ಬಾಗಿ, ದಪ್ಪ ತಲೆಯುಳ್ಳದ್ದಾಗಿ ಕಾಣುವುದು ಕೋಶದ ಅವಸ್ಥೆ. ಅದು ಎರಡು ದಿನದೊಳಗೆ ಹಾರುವುದರಿಂದ ಅದನ್ನು ಇಟ್ಟುಕೊಳ್ಳಲೇಬಾರದು. ಇನ್ನೊಂದು ಎಚ್ಚರಿಕೆ: ಈಡಿಸ್ ಸೊಳ್ಳೆಯು ಮೊಟ್ಟೆಗಳನ್ನು ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ನೀರನ್ನು ಚೆಲ್ಲಿದರೂ ಅವು ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತುಂಬಿದೊಡನೆ ಒಡೆಯುವುವು. ಆದುದರಿಂದ ಪಾತ್ರೆಯ ಒಳಭಾಗವನ್ನು ನಾರಿನಿಂದ ಚೆನ್ನಾಗಿ ಉಜ್ಜಿ ತೊಳೆಯಬೇಕು.

ನಾಲ್ಕನೆಯದು ತಿಪ್ಪೆಯ ಎರೆಹುಳು. ತೋಟದ ತೇವವಾದ ಮಣ್ಣಿನ ಎರೆಹುಳುವನ್ನು ತೊಳೆದು, ಒದ್ದೆ ಬಟ್ಟೆಯಲ್ಲಿ ಒಂದು ದಿನ ಇಟ್ಟು ಹೊಟ್ಟೆಯ ಮಣ್ಣು ಹೊರಬಿದ್ದ ಮೇಲೆ, ಸಣ್ಣಗೆ ಕತ್ತರಿಸಿ ಕೊಟ್ಟರೆ ದೊಡ್ಡ ಮೀನುಗಳಿಗೆ ಬಹಳ ಒಳ್ಳೆಯದು. ಭೂಮಿಯ ಪ್ರಾಣಿಯಾದುದರಿಂದ ನೀರಿನ ರೋಗಗಳು ಅದರೊಡನೆ ಬರುವ ಸಂಭವವು ಕಡಮೆ. ಆದರೆ ಗೊಬ್ಬರಕ್ಕಾಗಿ ಸಾಕುವ ಪಟ್ಟೆಪಟ್ಟೆಯ ಕೆಂಪು ಹುಳುವು ಹಿಡಿದಾಗ ಹಳದಿಯ ದುರ್ಗಂಧದ್ರವವನ್ನು ಸುರಿಸುವುದು. ಅನೇಕ ಮೀನುಗಳು ಅದನ್ನು ಉಗುಳಿಬಿಡುತ್ತವೆ. ಜಂತುಹುಳುವಿನ ಔಷಧಿಯನ್ನು ಕುಡಿಸಿದ ದನದ ಸಗಣಿಯಿಂದಲೂ, ಕ್ರಿಮಿನಾಶಕವನ್ನು ಸುರಿದ ಹೊಲದಿಂದಲೂ ಹುಳುಗಳನ್ನು ತೆಗೆಯಬಾರದು.

ಹೊರಗಿನ ಎಲ್ಲ ಮೂಲಗಳಲ್ಲಿಯೂ ಒಂದಲ್ಲ ಒಂದು ಶಂಕೆಯಿರುವಾಗ ನಿಶ್ಚಿಂತವಾದ ಮಾರ್ಗವು ಆಹಾರವನ್ನು ನಾವೇ ಬೆಳೆಸಿಕೊಳ್ಳುವುದು. ಇದಕ್ಕೆ ಡಾಫ್ನಿಯಾ, ಅಥವಾ ನಮ್ಮ ಸೆಕೆಯನ್ನು ಅದಕ್ಕಿಂತ ಚೆನ್ನಾಗಿ ತಾಳುವ ಅದರ ಚಿಕ್ಕ ಸೋದರಿಯಾದ ಮೊಯ್ನಾ, ಯೋಗ್ಯವಾದುದು. ಇಪ್ಪತ್ತು ಲೀಟರು ಹಿಡಿಯುವ ಅಗಲಬಾಯಿಯ ಪಾತ್ರೆಯನ್ನು ನೆರಳಿನಲ್ಲಿ, ಆದರೆ ಬೆಳಕಿರುವ ಸ್ಥಳದಲ್ಲಿ ಇಡಬೇಕು. ನಲ್ಲಿಯ ನೀರಾದರೆ ಅದರ ಕ್ಲೋರಿನ್ ಹೋಗುವ ತನಕ, ಎಂದರೆ ಒಂದು ಹಗಲು ಒಂದು ರಾತ್ರಿ, ತೆರೆದಿಡಬೇಕು. ರೊಟ್ಟಿ ಅಂಗಡಿಯವರು ಬಳಸುವ ಒಣ ಈಸ್ಟನ್ನು ಕಡಲೆಕಾಳಿನಷ್ಟು ತೆಗೆದು ನೀರಿನಲ್ಲಿ ಕದಡಿ ಹಾಕಿದರೆ ಅವುಗಳಿಗೆ ಊಟವಾಯಿತು. ಮಸುಕಾದ ನೀರು ಒಂದೆರಡು ದಿನಗಳಲ್ಲಿ ತಿಳಿಯಾದಾಗ ಮಾತ್ರ ಮತ್ತೆ ಹಾಕಬೇಕು. ಅವಸರಪಟ್ಟು ಹೆಚ್ಚಿಗೆ ಹಾಕಿದರೆ ನೀರು ಕೊಳೆತು ಎಲ್ಲವೂ ಸಾಯುವುವು.

ಬೀಜಕ್ಕಾಗಿ ಗುಂಡಿಯಿಂದಲೇ ಡಾಫ್ನಿಯಾವನ್ನು ತರಬೇಕಾದರೆ ಅದನ್ನು ಬಿಳಿಯ ತಟ್ಟೆಯಲ್ಲಿ ಸುರಿದು, ಹನಿಗೊಳವೆಯಿಂದ ದಪ್ಪನಾದ ಹೆಣ್ಣುಗಳನ್ನು ಮಾತ್ರ ಒಂದೊಂದಾಗಿ ಆರಿಸಿ, ಮೂರು ಬಾರಿ ಬೇರೆ ಬೇರೆ ಶುದ್ಧನೀರಿಗೆ ದಾಟಿಸಬೇಕು. ಅವು ಈದ ಮರಿಗಳನ್ನು ಪ್ರತ್ಯೇಕಿಸಿ, ಆ ಮರಿಗಳಿಂದಲೇ ಬೆಳೆಯನ್ನು ಪ್ರಾರಂಭಿಸಬೇಕು. ಗಂಡಿನ ಸಂಪರ್ಕವಿಲ್ಲದೆಯೇ ಇವು ಮರಿಹಾಕುವುದರಿಂದ ಕೆಲವೇ ಹೆಣ್ಣುಗಳು ಸಾಕು; ಹುಟ್ಟಿದ ಮರಿಗಳು ಸುಮಾರು ಒಂದು ವಾರದಲ್ಲಿ ತಾವೇ ತಾಯಿಯಾಗುತ್ತವೆ. ದಿನಕ್ಕೆ ಕಾಲುಪಾಲಿಗಿಂತ ಹೆಚ್ಚನ್ನು ಎತ್ತಕೂಡದು. ಒಂದು ಪಾತ್ರೆ ಕೆಟ್ಟರೆ ಇನ್ನೊಂದಿರಲೆಂದು ಎರಡನ್ನು ಇಡುವುದು ವಿವೇಕ. ಎಲ್ಲಕ್ಕಿಂತ ಮುಖ್ಯವಾಗಿ, ಪಾತ್ರೆಯ ಬಾಯಿಗೆ ನಯವಾದ ಬಟ್ಟೆಯನ್ನು ಬಿಗಿಯಾಗಿ ಕಟ್ಟಿರಬೇಕು. ಇಲ್ಲವಾದರೆ ನಾವು ಬೆಳೆಸುವುದು ಡಾಫ್ನಿಯಾವನ್ನಲ್ಲ, ಸೊಳ್ಳೆಗಳನ್ನು.

ಮೀನಿನ ಮರಿಗಳಿಗೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪ್ರಾಣಿಯ ಮರಿಗಳು ಹೆಚ್ಚು ಸುರಕ್ಷಿತ. ಇದರ ಒಣ ಮೊಟ್ಟೆಗಳು ಡಬ್ಬಿಗಳಲ್ಲಿ ದೊರೆಯುತ್ತವೆ. ಒಂದು ಲೀಟರು ನೀರಿಗೆ ಸುಮಾರು ೨೫ ಗ್ರಾಂ ಉಪ್ಪನ್ನು ಕರಗಿಸಿ, ಮೊಟ್ಟೆಗಳನ್ನು ಹಾಕಿ, ಗಾಳಿಯ ಪಂಪಿನಿಂದ ಗುಳ್ಳೆಗಳನ್ನು ಬಿಡುತ್ತ ಬೆಳಕಿನಲ್ಲಿಟ್ಟರೆ ಒಂದು ಒಂದೂವರೆ ದಿನದಲ್ಲಿ ಒಡೆಯುವುವು. ಗಾಳಿಯನ್ನು ನಿಲ್ಲಿಸಿದಾಗ ಸಿಪ್ಪೆಗಳು ಮೇಲೆ ತೇಲುವುವು, ಮರಿಗಳು ದೀಪದ ಕಡೆಗೆ ಕೂಡಿಕೊಳ್ಳುವುವು. ಅವನ್ನು ಹೀರಿ ತೆಗೆದು, ಸಿಹಿನೀರಿನಲ್ಲಿ ತೊಳೆದು ಕೂಡಲೇ ಕೊಡಬೇಕು. ಉಪ್ಪುನೀರಿನಲ್ಲಿ ಹುಟ್ಟಿದುದರಿಂದ ಸಿಹಿನೀರಿನ ಪರೋಪಜೀವಿಗಳು ಇವುಗಳಲ್ಲಿ ಇರುವುದಿಲ್ಲ.

ಆಹಾರವು ಎಷ್ಟೇ ಶುದ್ಧವಾಗಿದ್ದರೂ ಪ್ರಮಾಣವು ಮೀರಿದರೆ ಅದೇ ವಿಷ. ತಿನ್ನದೆ ಉಳಿದ ಹುಳುಗಳು ಮರಳಿನೊಳಗೆ ಹೊಕ್ಕು ಸತ್ತು ಕೊಳೆಯುವುವು. ಅದರಿಂದ ಹುಟ್ಟುವ ಅಮೋನಿಯಾವು ಮೀನಿನ ಕಿವಿರುಗಳನ್ನು ಸುಡುವುದು. ಕೆಲವು ನಿಮಿಷಗಳಲ್ಲಿ ಮುಗಿಯುವಷ್ಟನ್ನೇ ಹಾಕಿ ಉಳಿದುದನ್ನು ತೆಗೆಯುವುದು, ವಾರಕ್ಕೆ ಎರಡು ಮೂರು ಸಲ ಮಾತ್ರ ಸಜೀವ ಆಹಾರವನ್ನು ಕೊಟ್ಟು ಮಿಕ್ಕ ದಿನ ಒಣ ಆಹಾರವನ್ನು ಕೊಡುವುದು, ಬೆಳೆದ ಮೀನುಗಳಿಗೆ ವಾರಕ್ಕೊಂದು ದಿನ ಉಪವಾಸ ಮಾಡಿಸುವುದು ಒಳ್ಳೆಯ ಕ್ರಮ.

ಕೊಡುವವರ ಕೈಯನ್ನೂ ಮರೆಯಬಾರದು. ಅಂಗಡಿಯಲ್ಲಿ ರಕ್ತಹುಳುವೆಂದು ಮಾರುವ ಕೆಂಪು ಮರಿಗಳನ್ನು ಮುಟ್ಟುವುದರಿಂದಲೂ, ಅವುಗಳ ಒಣಪುಡಿಯನ್ನು ಉಸಿರಾಡುವುದರಿಂದಲೂ ಕೆಲವರಿಗೆ ಕಣ್ಣುರಿ, ಸೀನು, ಉಬ್ಬಸಗಳು ಬರುತ್ತವೆ. ಅಂತಹವರು ಅದನ್ನು ಬಿಡತಕ್ಕದ್ದು. ಕೈಯಲ್ಲಿ ಗಾಯವಿರುವಾಗ ತೊಟ್ಟಿಯ ನೀರಿನಲ್ಲಿ ಕೈಯಿಡಬಾರದು. ಹುಳು ಸೋಸಿದ ಜಾಲರಿಯು ಅಡುಗೆಮನೆಗೆ ಹಿಂದಿರುಗಬಾರದು. ಕೆಲಸವಾದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮಕ್ಕಳಿಗೆ ಮೊದಲು ಕಲಿಸಬೇಕು.

ಕೊನೆಯದಾಗಿ ಒಂದು ಮಾತು. ಸೊಳ್ಳೆಮರಿಗಳನ್ನು ತಿನ್ನಲೆಂದು ಹೊರದೇಶದ ಗ್ಯಾಂಬೂಸಿಯಾ ಮೀನನ್ನು ೧೯೨೮ರಲ್ಲಿ ಭಾರತಕ್ಕೆ ತರಲಾಯಿತು. ಅದು ಸೊಳ್ಳೆಮರಿಗಳೊಡನೆ ನಮ್ಮ ದೇಶದ ಮೀನುಗಳ ಮೊಟ್ಟೆಮರಿಗಳನ್ನೂ ತಿನ್ನುವುದೆಂಬುದು ಆಮೇಲೆ ತಿಳಿದ ಸಂಗತಿ. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆಯನ್ನು ಧರಿಸಿದ ನಮ್ಮದೇ ಚಿಕ್ಕ ಮೀನುಗಳು ಆ ಕೆಲಸವನ್ನು ಮೊದಲಿನಿಂದಲೂ ಮಾಡುತ್ತಿದ್ದುವು. ಆದುದರಿಂದ ಸಾಕಿ ಬೇಸರವಾದ ಮೀನುಗಳನ್ನಾಗಲಿ, ತೊಟ್ಟಿಯ ಕೊಳೆನೀರನ್ನಾಗಲಿ ಕಾಲುವೆಗೂ ಕೆರೆಗೂ ಬಿಡಬಾರದು. ಹೊರಗಿನ ನೀರಿನ ರೋಗವು ತೊಟ್ಟಿಗೆ ಬಾರದಂತೆ ಕಾಯುವ ನಾವು, ತೊಟ್ಟಿಯ ರೋಗವು ಹೊರಗಿನ ನೀರಿಗೆ ಹೋಗದಂತೆ ಕಾಯುವುದೂ ಧರ್ಮವೇ. ಎಲ್ಲಿಯ ನೀರು, ಎಷ್ಟು ಆಹಾರ, ಉಳಿದುದು ಎಲ್ಲಿ ಹೋಯಿತು ಎಂಬ ಮೂರು ಪ್ರಶ್ನೆಗಳನ್ನು ಪ್ರತಿಸಲವೂ ಕೇಳಿಕೊಳ್ಳುವವರ ಮನೆಯಲ್ಲಿ ಮೀನುಗಳೂ ಸುಖವಾಗಿರುವುವು, ನೆರೆಹೊರೆಯೂ ಸುಖವಾಗಿರುವುದು.